ಕ್ರೋಟನ್ ಕುಂಡ ನಿಂತ ಜಾಗ

ಒಲ್ಲೂರಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಚರ್ಚಿಗೆ ಹೇಳಿ ಕಳಿಸುತ್ತಾರೆ, ಆಮೇಲೆ ಶವಪೆಟ್ಟಿಗೆಯವನಿಗೆ, ಅದರ ಬೆನ್ನಿಗೇ ವಿಮಲಾ ಸ್ಟುಡಿಯೋದ ದೇವಸ್ಸಿಗೆ. ದೂರದ ನೆಂಟರ ಸರದಿ ಇವರೆಲ್ಲ ಆದ ಮೇಲೆ. ಪೆಟ್ಟಿಗೆಯನ್ನು ಅಂಗಳದ ಚಪ್ಪರದಲ್ಲಿಟ್ಟು, ಸತ್ತವರ ತಲೆಗೆ ಹೂವಿನ ಕಿರೀಟ, ಕೈಗೆ ಬಿಳಿ ಗ್ಲೌಸು ತೊಡಿಸಿ, ಮನೆಮಂದಿಯೆಲ್ಲ ಸುತ್ತ ನಿಂತು ತೆಗೆಸಿಕೊಳ್ಳುವ ಕೊನೆಯ ಫೋಟೊ ಒಂದಿದೆಯಲ್ಲ, ಅದಾಗದೆ ನಮ್ಮಲ್ಲಿ ಹೆಣ ಗೇಟು ದಾಟುವುದಿಲ್ಲ. ಮದುವೆಗಾದರೆ ಈಗೀಗ ತ್ರಿಶೂರಿನಿಂದ ಡ್ರೋನು ಹಾರಿಸುವವರನ್ನು ಕರೆಸುತ್ತಾರೆ, ಹಾರಿಸಿಕೊಳ್ಳಲಿ ಪಾಪ. ಸಾವಿಗೆ ಮಾತ್ರ ದೇವಸ್ಸಿಯೇ ಆಗಬೇಕು.

ಯಾಕೆಂದರೆ ಅವನದೊಂದು ಹಟ. ಮನೆಯವರಲ್ಲಿ ಒಬ್ಬರು ಕಡಿಮೆಯಿದ್ದರೂ ಅವನ ಬೆರಳು ಗುಂಡಿ ಒತ್ತುವುದಿಲ್ಲ. ರೋಲು ಹಾಕುವ ಕಾಲದಲ್ಲಿ ಅದಕ್ಕೆ ಕಾರಣವೂ ಇತ್ತು. ತೆಗೆದದ್ದು ತೆಗೆದ ಹಾಗೇ. ಬಿಟ್ಟುಹೋದವರನ್ನು ಆಮೇಲೆ ತಂದು ಸೇರಿಸುವ ಹಾಗಿರಲಿಲ್ಲ. ಹಾಗಾಗಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ದೇವಸ್ಸಿ ಜನ ಹುಡುಕಲು ಹೊರಡುತ್ತಿದ್ದ. ಹಿತ್ತಿಲಲ್ಲಿ ಮುಖ ಊದಿಸಿಕೊಂಡು ಕೂತ ಸೊಸೆ, ಶೇಂದಿ ಅಂಗಡಿಯಲ್ಲಿ ತಲೆಮರೆಸಿಕೊಂಡ ತಮ್ಮ, ಬೇಲಿಯ ಜಗಳದಲ್ಲಿ ಮಾತು ಬಿಟ್ಟ ದಾಯಾದಿ, ಒಬ್ಬರನ್ನೂ ಬಿಡುತ್ತಿರಲಿಲ್ಲ. ಒಂದು ಸಲ ಹಲಸಿನ ಮರದ ವ್ಯಾಜ್ಯದಲ್ಲಿ ಅಪ್ಪನ ಮೇಲೆ ಮುನಿಸಿಕೊಂಡಿದ್ದ ಮಗನೊಬ್ಬ ಬರುವುದೇ ಇಲ್ಲವೆಂದು ಕೂತುಬಿಟ್ಟಿದ್ದ. ದೇವಸ್ಸಿ ಅವನ ಮನೆಯ ಜಗುಲಿಯಲ್ಲೇ ಹೋಗಿ ಕೂತ.

"ಆ ಮರ ನಾಳೆನೂ ಅಲ್ಲೇ ಇರುತ್ತೆ ಕಣೋ, ನಾಳೆ ಬೈಕೊ. ಅಪ್ಪ ಇರೋದು ಇವತ್ತು ಮಧ್ಯಾಹ್ನದ ತನಕ. ನೀನು ಎದ್ದರೆ ನಾನೂ ಏಳ್ತೀನಿ. ಇಲ್ಲ ಅಂದ್ರೆ ಇಲ್ಲೇ ಊಟಕ್ಕೆ ಹಾಕು."

ಮಗ ಎದ್ದು ಬಂದ. ಅಷ್ಟರಲ್ಲಿ ಅಲ್ಲಿ ಅಚ್ಚನ್, ಅಂದರೆ ನಮ್ಮ ಪಾದ್ರಿ, ಕೈಗಡಿಯಾರ ನೋಡಿ ನೋಡಿ ಸುಸ್ತಾಗಿದ್ದರು. ನಮ್ಮೂರಿನಲ್ಲಿ ಬಸ್ಸು ತಡವಾದರೆ ಇವತ್ತಿಗೂ ಜನ "ದೇವಸ್ಸಿ ಓಡಿಸ್ತಾ ಇರಬೇಕು ಬಿಡು" ಅನ್ನುತ್ತಾರೆ. ಅವನ ಕಿವಿಗೆ ಬಿದ್ದರೂ ಅವನಿಗೆ ಬೇಜಾರಿಲ್ಲ. ಒಳಗೊಳಗೇ ಹೆಮ್ಮೆ.

ಆ ಸ್ಟುಡಿಯೋದ ನಿಜವಾದ ಕೈಕೆಲಸ ಅವನ ಹೆಂಡತಿ ರೋಸಿಲಿಯದು. ಕಂಪ್ಯೂಟರು ಬರುವ ಮುಂಚೆ, ಕೆಳಗಿನಿಂದ ದೀಪ ಬೀಳುವ ಗಾಜಿನ ಮೇಲೆ ನೆಗೆಟಿವ್ ಇಟ್ಟುಕೊಂಡು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಮೊಡವೆ, ಸುಕ್ಕು, ಸಿಡುಬಿನ ಕಲೆ ತಿದ್ದುತ್ತಿದ್ದವಳು ಅವಳೇ. ಬೆಳಿಗ್ಗೆ ಕತ್ತು ಬಗ್ಗಿಸಿದರೆ ಒಬ್ಬ ಮದುಮಗಳ ಎರಡು ಕೆನ್ನೆ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಆ ಕಾಲದ ಕತ್ತು ನೋವು ಇನ್ನೂ ಬಿಟ್ಟಿಲ್ಲ. ಆದ್ದರಿಂದ ಕಂಪ್ಯೂಟರಿನ ಮೇಲೆ ಅವಳಿಗೆ ಪ್ರೀತಿ, ಅವನಿಗೆ ಮುನಿಸು. ದಿನಕ್ಕೊಮ್ಮೆಯಾದರೂ ಇದೇ ಜಗಳ.

"ಅನ್ನ ಒಂದು ಕುದಿ ಬರೋಷ್ಟರಲ್ಲಿ ಐದು ಮುಖ ತೊಳೆದುಬಿಡ್ತೀನಿ," ಎನ್ನುತ್ತಾಳೆ ರೋಸಿಲಿ. "ಇದು ಒಳ್ಳೇದೋ ಕೆಟ್ಟದ್ದೋ ಅಂತ ನನ್ನ ಕತ್ತನ್ನ ಕೇಳಿ."

"ಐದು ಮುಖ ತೊಳೆದೆ, ಸರಿ. ಆರನೆಯವನು ಬಂದು ಹೊಟ್ಟೆ ಕರಗಿಸು ಅಂದ. ಏಳನೆಯವಳು ಅಳಿಯನ ತಲೆಗೆ ಕೂದಲು ನೆಡು ಅಂದಳು. ಪೆನ್ಸಿಲ್ ಇದ್ದಾಗ ಯಾರಾದ್ರೂ ಕೇಳ್ತಿದ್ರಾ? ಆಗಲ್ಲ ಅಂತ ಗೊತ್ತಿತ್ತು, ಬಾಯಿ ಮುಚ್ಕೊಂಡಿರ್ತಿದ್ರು. ಇಷ್ಟು ವರ್ಷ ಉಳಿಸಿದೆಯಲ್ಲ ಹೊತ್ತು, ಎಲ್ಲಿಟ್ಟಿದ್ದೀಯ, ತೋರಿಸು ನೋಡೋಣ."

"ನೀವು ಬೇಲಿ ಹಾರಿ ದಾಯಾದಿಗಳನ್ನ ಹುಡುಕಿ ತರ್ತೀರಲ್ಲ ಮನುಷ್ಯಾ, ನಾನು ಉಳಿಸಿದ್ದೆಲ್ಲ ಅಲ್ಲಿಗೇ ಖರ್ಚು."

ಆಮೇಲೆ ಅವನು ಎದ್ದು ಹಾಲಿಲ್ಲದ ಚಹಾ ಕುಡಿಯಲು ಹೋಗುತ್ತಾನೆ.

ಹಾಗಂತ ಅವನು ಕಂಪ್ಯೂಟರು ಮುಟ್ಟದ ಸನ್ಯಾಸಿಯೇನಲ್ಲ. ಮೊದಲು ಬಂದಾಗ ಒಂದು ಮದುವೆ ಸೀಸನ್ನಿನ ತುಂಬ ಅದರ ಹುಚ್ಚು ಹಿಡಿದಿತ್ತು. ಅದರಲ್ಲೂ ಅಳಿಸುವ ವಿದ್ಯೆ ಕೈಗೆ ಹತ್ತಿದ ಮೇಲಂತೂ ಹಿಡಿಯುವವರೇ ಇರಲಿಲ್ಲ. ಚರ್ಚಿನ ಗೋಪುರದ ಮುಂದೆ ಹಾದುಹೋಗುವ ಕರೆಂಟಿನ ತಂತಿ ಮಾಯ. ಮದುಮಗನ ಕಾಲ ಹತ್ತಿರ ಮಲಗಿದ್ದ ನಾಯಿ ಮಾಯ. "ರೋಸಿಲೀ, ಬಾ ಇಲ್ಲಿ, ಆ ಕೊಡೆ ಎಲ್ಲಿ ಹೋಯ್ತು ಹೇಳು" ಎಂದು ಕರೆದು ತೋರಿಸುತ್ತಿದ್ದ. ಹೊಸ ಚಾಕು ಸಿಕ್ಕ ಹುಡುಗ ಸಿಕ್ಕಿದ್ದನ್ನೆಲ್ಲ ಕೆತ್ತಿ ನೋಡುವ ಹಾಗೆ. ಗಿರಾಕಿಗಳಿಗೆ ಈ ವಿದ್ಯೆಯ ಸುದ್ದಿ ಮುಟ್ಟಿ, ಹೊಟ್ಟೆ ಕರಗಿಸು ಕೂದಲು ನೆಡು ಶುರುವಾದ ಮೇಲೆ ಹುಚ್ಚು ಇಳಿಯಿತು. ಮೌಸನ್ನು ಹೆಂಡತಿಯ ಕೈಗೆ ಕೊಟ್ಟು, ಅಂದಿನಿಂದ ಬೈಯುವ ಕೆಲಸ ಮಾತ್ರ ತಾನು ಇಟ್ಟುಕೊಂಡ.

ಕಳೆದ ವರ್ಷ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಶುರುವಾಗುವ ಹೊತ್ತಿಗೆ ತಾಂಡಮ್ಮ ಅಮ್ಮಚ್ಚಿ ತೀರಿಕೊಂಡಳು. ಬಿಳಿ ಚಟ್ಟೆ ರವಿಕೆ, ಹಿಂದೆ ಬೀಸಣಿಗೆಯ ಹಾಗೆ ನೆರಿಗೆ ಬಿಟ್ಟ ಮುಂಡು, ಕಿವಿಯ ಮೇಲ್ತುದಿಯಲ್ಲಿ ತೂಗುವ ಬಳೆಯಂಥ ಚಿನ್ನದ ಓಲೆ, ನಾಲಿಗೆಯ ಮೇಲೆ ಸದಾ ಒಂದು ಚಿಟಿಕೆ ಖಾರದ ಪುಡಿ. ಅಂಥ ಮುದುಕಿ ಕೊನೆಯ ಎರಡು ವರ್ಷ ಹಿರಿಮಗಳು ಮರ್ತಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಮರ್ತಳ ಗಂಡ ಲೋನಪ್ಪನದು ಹಂಚಿನ ಕಾರ್ಖಾನೆ, ದೊಡ್ಡ ಮನೆ, ಕಬ್ಬಿಣದ ಗೇಟು. ಕಿರಿಮಗಳು ಕ್ಲಾರಳ ಗಂಡ ಆಟೊ ಓಡಿಸುತ್ತಾನೆ. ಅಕ್ಕತಂಗಿಯರಿಗೆ ಆರು ವರ್ಷದಿಂದ ಮಾತಿಲ್ಲ. ಒಡವೆಯ ಕಾರಣ ಅಂದವರಿದ್ದರು, ಜಾಗದ್ದು ಅಂದವರಿದ್ದರು. ಊರ ಬಾಯಿಗೆ ಕಾರಣಕ್ಕೇನು ಬರ. ದೇವಸ್ಸಿಯೂ ಜಾಗದ್ದೇ ಇರಬೇಕು ಎಂದುಕೊಂಡು ಸುಮ್ಮನಿದ್ದವನು.

ಅವತ್ತು ಚಪ್ಪರದಲ್ಲಿ ಎಲ್ಲರೂ ನಿಂತಾಗಿತ್ತು. ಪೆಟ್ಟಿಗೆಯ ತಲೆಯ ಕಡೆ ಮರ್ತ, ಅವಳ ಪಕ್ಕ ಲೋನಪ್ಪ, ಮಗಳು ಡೆನ್ಸಿ, ಅಳಿಯ, ಮಕ್ಕಳು. ದೇವಸ್ಸಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ಮತ್ತೆ ತೆಗೆದ.

"ಕ್ಲಾರ ಎಲ್ಲಿ?"

ಮರ್ತ ತಾಯಿಯ ಮುಖದಿಂದ ಕಣ್ಣು ಎತ್ತದೆ ಹೇಳಿದಳು. "ಗೇಟಿನ ಆಚೆ ನಿಂತಿದ್ದಾಳಂತೆ. ಬರೋ ಮನಸ್ಸಿದ್ದೋರು ಒಳಗೆ ಬರ್ತಾರೆ. ನೀವು ತೆಗೀರಿ ದೇವಸ್ಸಿಚೇಟ." ಊರಿನ ಕಿರಿಯರಿಗೆಲ್ಲ ಅವನು ಚೇಟ, ಅಂದರೆ ಅಣ್ಣ.

"ಅವಳಿಲ್ಲದೆ ಹ್ಯಾಗೆ ತೆಗೀಲಿ?"

"ಈಗ ತೆಗೀರಿ ಚೇಟ," ಎಂದ ಲೋನಪ್ಪ. "ಅವಳದೊಂದು ಫೋಟೊ ತಗೊಂಡು ಆಮೇಲೆ ಕಂಪ್ಯೂಟರಲ್ಲಿ ಸೇರಿಸಿದ್ರಾಯ್ತು. ಯಾರಿಗೂ ತೊಂದರೆ ಇಲ್ಲ."

"ದೇವಸ್ಸಿ, ಬಿಸಿಲು ಏರ್ತಾ ಇದೆ," ಎಂದರು ಅಚ್ಚನ್.

"ಎರಡೇ ನಿಮಿಷ ಅಚ್ಚಾ."

"ನಿನ್ನ ಎರಡು ನಿಮಿಷ ನಾನು ನೋಡದೇ ಇರೋದಾ?"

ದೇವಸ್ಸಿ ಆಗಲೇ ಗೇಟಿನ ಕಡೆ ಹೆಜ್ಜೆ ಹಾಕಿದ್ದ.

ಕ್ಲಾರ ರಸ್ತೆಯ ಆಚೆ ಜಾಯಿಕಾಯಿ ಮರದ ನೆರಳಿನಲ್ಲಿ ಗಂಡನ ಆಟೊಗೆ ಒರಗಿಕೊಂಡು ನಿಂತಿದ್ದಳು. ಸೆರಗು ತಲೆಯ ಮೇಲಿತ್ತು. ಅತ್ತು ಅತ್ತು ಮುಖ ಬಾತುಕೊಂಡಿತ್ತು.

"ಒಳಗೆ ಬಾ ಮೋಳೆ. ಅಮ್ಮಚ್ಚಿ ಹೊರಡ್ತಾ ಇದ್ದಾರೆ," ಎಂದ ದೇವಸ್ಸಿ. ಅವಳನ್ನು ಚಿಕ್ಕಂದಿನಿಂದ ಮಗಳೆಂದೇ ಕರೆದವನು.

"ಪೆಟ್ಟಿಗೆ ರಸ್ತೆಗೆ ಬರುತ್ತಲ್ಲ ಚೇಟ, ಹಿಂದೆ ನಡ್ಕೊಂಡು ಬರ್ತೀನಿ. ಆ ಮನೆ ಅಂಗಳ ತುಳಿಯಲ್ಲ."

"ಜಾಗದ ಮಾತು ನಾಳೆ ಆಡೋಣ. ಈಗ ಫೋಟೊಕ್ಕೆ ಬಂದು ನಿಲ್ಲು."

"ಯಾವ ಜಾಗ?" ಕ್ಲಾರ ಅವನ ಮುಖ ನೋಡಿದಳು. "ಫೋಟೊಕ್ಕೆ ಯಾಕೆ ನಿಲ್ಲಬೇಕು, ಆಮೇಲೆ ಒರೆಸಿ ಹಾಕೋಕಾ? ಸೇರಿಸೋದಿದ್ರೂ ನೀವೇ ಸೇರಿಸ್ಕೊಳ್ಳಿ. ತೆಗೆಯೋ ವಿದ್ಯೆ ಗೊತ್ತಿರೋರಿಗೆ ಸೇರಿಸೋದು ಬರಲ್ವಾ?"

"ಏನು ಹೇಳ್ತಿದ್ದೀಯ ನೀನು?"

"ಡೆನ್ಸಿ ಮದುವೆ ಆಲ್ಬಮ್ಮು ಚೇಟ. ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೂ ನಿಂತಿದ್ವಲ್ಲ, ಮರ್ತ ಚೇಚಿ ಪಕ್ಕದಲ್ಲಿ ನಾನಿದ್ದೆ. ಆಲ್ಬಮ್ಮಲ್ಲಿ ನಾನಿಲ್ಲ. ನಾನು ನಿಂತ ಜಾಗದಲ್ಲಿ ಕ್ರೋಟನ್ ಗಿಡದ ಕುಂಡ ಇದೆ." ಅವಳ ದನಿ ಸಣ್ಣಗಾಯಿತು. "ಆಟೊದವನ ಹೆಂಡ್ತಿ, ಹಳೇ ಸೀರೆ ಬೇರೆ. ಹೊಸ ಬೀಗರ ಮುಂದೆ ಚೇಚಿಗೆ ನಾಚಿಕೆ ಆಗಿರುತ್ತೆ. ತೆಗೆದುಬಿಡಿ ಅಂದಿರ್ತಾಳೆ, ನೀವು ತೆಗೆದ್ರಿ. ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಕೆಲಸ ಕೊಟ್ಟೋರು ಹೇಳಿದ್ದು ಮಾಡಿದ್ರಿ."

"ಅವಳನ್ನ ಒಂದು ಮಾತು ಕೇಳಬಾರದಿತ್ತಾ?"

"ಏನಂತ ಕೇಳ್ಲಿ? ನನ್ನನ್ನ ಯಾಕೆ ಒರೆಸಿದೆ ಅಂತ ಬಾಯಿ ಬಿಟ್ಟು ಕೇಳೋದಾ? ನೀವಾದ್ರೆ ಕೇಳ್ತಿದ್ರಾ?"

ಹೆಂಗಸರ ಮುನಿಸು, ಊರ ಪುಕಾರು ಎಂದುಕೊಂಡು ಬಂದಿದ್ದ ದೇವಸ್ಸಿಗೆ, ಕುಂಡ ಎಂಬ ಮಾತು ಕೇಳಿದ್ದೇ ಎಲ್ಲವೂ ನೆನಪಾಯಿತು. ಅವನಿಗೆ ಹುಚ್ಚು ಹಿಡಿದಿದ್ದ ಸೀಸನ್ನು ಅದು. ಡೆನ್ಸಿಯ ಗಂಡನ ಮನೆಯವರು ಆಲ್ಬಮ್ಮಿಗೆ ಅವಸರ ಮಾಡುತ್ತಿದ್ದರು. ಮೆಟ್ಟಿಲ ಮೇಲಿನ ಫೋಟೊದಲ್ಲಿ ಎಲ್ಲರೂ ಚೆನ್ನಾಗಿ ಬಂದಿದ್ದರು, ಅಂಚಿನಲ್ಲಿದ್ದ ಕ್ಲಾರಳ ಕಣ್ಣು ಮಾತ್ರ ಮುಚ್ಚಿಹೋಗಿತ್ತು. ರೋಸಿಲಿ ಹೇಳಿದ್ದಳು, ಇನ್ನೊಂದು ಫೋಟೊದಲ್ಲಿ ಅವಳ ಕಣ್ಣು ಸರಿಯಾಗಿದೆ, ಅಲ್ಲಿಂದ ತಂದು ಕೂರಿಸೋಣ, ಒಂದು ಬೆಳಗಿನ ಕೆಲಸ ಅಂತ. ಒಂದು ಜೊತೆ ಕಣ್ಣಿಗೆ ಒಂದು ಬೆಳಗಾ ಎಂದು ಇವನು ನಕ್ಕಿದ್ದ. ರೋಸಿಲಿ ಚರ್ಚಿಗೆ ಜಪಮಾಲೆ ಹೇಳಲು ಹೋದಾಗ ತಾನೇ ಕೂತು, ಮೆಟ್ಟಿಲಿನ ಆ ತುದಿಯಲ್ಲಿದ್ದ ಕುಂಡವನ್ನು ಎತ್ತಿ ಈ ತುದಿಗೆ ತಂದು ಕ್ಲಾರಳ ಮೇಲೆ ನಿಲ್ಲಿಸಿದ್ದ. ಒಂದೇ ತೊಡಕು ಬಂದಿದ್ದು ಮರ್ತಳ ಭುಜದ ಮೇಲೆ. ಅಲ್ಲಿ ಕ್ಲಾರಳ ನಾಲ್ಕು ಬೆರಳು ಉಳಿದಿದ್ದವು. ರೇಷ್ಮೆ ಸೀರೆಯ ಬಣ್ಣ ಹಚ್ಚಿ ಅವನ್ನೂ ಒರೆಸಿದ್ದ. ಒರೆಸಿದ್ದು ಗೊತ್ತೇ ಆಗುವುದಿಲ್ಲ ಎಂದು ತನ್ನ ಕೈಚಳಕಕ್ಕೆ ತಾನೇ ತಲೆದೂಗಿದ್ದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಕ್ಕತಂಗಿಯರ ಬದುಕಿಗೆ ಬಿದ್ದ ಆ ದೊಣ್ಣೆ ತನ್ನದೇ ಕೈಯಲ್ಲಿತ್ತು ಎಂದು ಅವನಿಗೆ ಇದುವರೆಗೂ ಗೊತ್ತಿರಲಿಲ್ಲ.

ಪಾರಾಗುವ ದಾರಿಯನ್ನು ಕ್ಲಾರಳೇ ತೋರಿಸಿಕೊಟ್ಟಿದ್ದಳು. ನಿಮ್ಮ ಮೇಲೆ ಸಿಟ್ಟಿಲ್ಲ ಅಂದಿದ್ದಳಲ್ಲ. ಸುಮ್ಮನೆ ಹಿಂದಿರುಗಿ, ಅವಳು ಬರುವುದಿಲ್ಲವಂತೆ ಎಂದು ಹೇಳಿ ಗುಂಡಿ ಒತ್ತಿದರೆ ಮುಗಿಯಿತು. ಬಾಯಿ ಬಿಟ್ಟರೆ ನಾಳೆಯಿಂದ ಯಾರು ಕರೆಯುತ್ತಾರೆ? ಒಬ್ಬರನ್ನೂ ಬಿಡದೆ ನಿಲ್ಲಿಸುತ್ತಾನೆ ಎಂಬ ಒಂದು ಮಾತಿನ ಮೇಲೆ ನಿಂತಿದ್ದ ಸ್ಟುಡಿಯೋ ಅದು. ನಿಂತವರನ್ನೇ ತೆಗೆದುಹಾಕುತ್ತಾನೆ ಅಂತಾದರೆ ಬಾಗಿಲು ಹಾಕಿಕೊಂಡು ಹೋಗಬೇಕಷ್ಟೆ. ಆದರೆ ಈಗ ಸುಮ್ಮನಿದ್ದರೆ ಪೆಟ್ಟಿಗೆ ಹೊರಡುತ್ತದೆ, ತಾಯಿಯ ನಂಟೂ ಮುಗಿಯುತ್ತದೆ, ಆಮೇಲೆ ಈ ಇಬ್ಬರನ್ನು ಒಂದು ಕಡೆ ತರುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಅವನಿಗೆ ಹೆದರಿಕೆಯಾಯಿತು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆದರೂ ಅಂಗಳಕ್ಕೆ ವಾಪಸು ಬಂದ.

"ಮರ್ತ, ಡೆನ್ಸಿ ಮದುವೆ ಫೋಟೊದಲ್ಲಿ ಕ್ಲಾರ ಯಾಕಿಲ್ಲ ಅಂತ ಗೊತ್ತಾ ನಿನಗೆ?"

"ಈಗ ಯಾಕೆ ಆ ಮಾತು? ನಿಂತ ಹಾಗೆ ಮಾಡಿ, ನೀವು ಒತ್ತೋ ಹೊತ್ತಿಗೆ ಸರಿದು ಹೋಗಿರ್ತಾಳೆ, ಅದಕ್ಕಿಲ್ಲ. ನನ್ನ ಮಗಳು ಒಳ್ಳೆ ಮನೆ ಸೇರಿದ್ದು ಅವಳಿಗೆ ಸಹಿಸ್ಲಿಲ್ಲ."

"ನಿಂತಿದ್ದಳು. ನಿನ್ನ ಪಕ್ಕದಲ್ಲೇ ನಿಂತಿದ್ದಳು. ಕಣ್ಣು ಮುಚ್ಚಿತ್ತು ಅಂತ ನಾನು ತೆಗೆದುಹಾಕ್ದೆ. ಸರಿ ಮಾಡೋಕೆ ಹೊತ್ತು ಹಿಡಿಯುತ್ತೆ ಅಂತ ಒರೆಸಿದೆ. ಯಾರೂ ಹೇಳಿರ್ಲಿಲ್ಲ, ನಾನೇ ಮಾಡಿದ್ದು. ನೀನು ತೆಗೆಸಿದೆ ಅಂತ ಅವಳು ತಿಳ್ಕೊಂಡಿದ್ದಾಳೆ."

ಯಾರೋ ಜಪ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಮರ್ತ ಅವನನ್ನೇ ನೋಡಿದಳು. ಬೈಯುತ್ತಾಳೆ, ಕೆನ್ನೆಗೆ ಹೊಡೆದರೂ ಹೊಡೆದಾಳು ಎಂದು ದೇವಸ್ಸಿ ತಲೆ ತಗ್ಗಿಸಿ ನಿಂತಿದ್ದ. ಅವಳು ತಾಯಿಯ ಗ್ಲೌಸು ತೊಡಿಸಿದ ಕೈಯನ್ನು ಮುಟ್ಟಿ ಹೇಳಿದಳು.

"ಎರಡು ವರ್ಷ ಅಮ್ಮಚ್ಚಿ ಬಾಗಿಲ ಕಡೇನೇ ಮುಖ ಮಾಡಿ ಮಲಗಿದ್ರು. ಕ್ಲಾರ ಬಂದ್ಲಾ, ಕ್ಲಾರ ಬಂದ್ಲಾ ಅಂತ. ನಾನು ಹೇಳಿ ಕಳಿಸಲಿಲ್ಲ ದೇವಸ್ಸಿಚೇಟ. ನನಗೂ ಸೊಕ್ಕು."

ಮುದುಕಿಗೆ ಮಗಳನ್ನು ಕಾಣುವ ಆಸೆ ಇತ್ತು, ಮಗಳಿಗೂ ಇತ್ತು. ಮಧ್ಯದಲ್ಲಿ ಇವನು ತಂದಿಟ್ಟ ಕುಂಡ ನಿಂತಿತ್ತು.

ಮರ್ತ ಬರಿಗಾಲಲ್ಲಿ ಅಂಗಳ ದಾಟಿದಳು. ಗೇಟಿನ ಆಚೆ ಅವರು ಏನು ಮಾತಾಡಿಕೊಂಡರೋ ಚಪ್ಪರದವರೆಗೆ ಕೇಳಲಿಲ್ಲ. ಕ್ಲಾರ ತಲೆ ಅಲ್ಲಾಡಿಸಿದ್ದು ಕಂಡಿತು, ಆಮೇಲೆ ರಸ್ತೆಯಂಚಿನ ಮಣ್ಣಿನಲ್ಲಿ ಕುಸಿದು ಕೂತದ್ದು ಕಂಡಿತು. ಅಕ್ಕ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಒಳಗೆ ಬಂದರು. ಕ್ಲಾರ ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿ ತಾಯಿಯ ಕೆನ್ನೆಗೆ ಕೆನ್ನೆ ಒತ್ತಿದಳು. ಹೂವಿನ ಕಿರೀಟ ಓರೆಯಾಯಿತು.

"ಬಂದೆ ಅಮ್ಮಚ್ಚೀ," ಎಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು.

ಅಚ್ಚನ್ ಕೈಗಡಿಯಾರವನ್ನು ನಿಲುವಂಗಿಯ ತೋಳಿನೊಳಗೆ ಎಳೆದುಕೊಂಡು ಮರದ ಕಡೆ ನೋಡುತ್ತ ನಿಂತರು. ಅವತ್ತು ಹೊತ್ತಾಯಿತು ಎಂದು ಯಾರೂ ಹೇಳಲಿಲ್ಲ.

ಕೊನೆಗೆ ಎಲ್ಲರೂ ನಿಂತರು. ದೇವಸ್ಸಿ ಯಾವತ್ತೂ ಎರಡು ಮೂರು ಸಲ ಒತ್ತುವವನು, ಅವತ್ತು ಒಂದೇ ಸಲ ಒತ್ತಿದ. ಮೆರವಣಿಗೆಯ ಹಿಂದೆ ಚರ್ಚಿಗೆ ಹೋಗಿ ಮಣ್ಣು ಹಾಕಿ, ಮನೆಗೆ ಬಂದು ಎಲ್ಲರೂ ಗಂಜಿ, ಹೆಸರುಕಾಳಿನ ಪಲ್ಯಕ್ಕೆ ಕೂತಾಗ ಲೋನಪ್ಪ ಅವನ ಹತ್ತಿರ ಬಂದ.

"ಇವತ್ತು ಹೋಗಿ ಚೇಟ. ನಿಮ್ಮ ಮುಖ ನೋಡಿದ್ರೆ ನನ್ನ ಬಾಯಲ್ಲಿ ಏನು ಬರುತ್ತೋ ಗೊತ್ತಿಲ್ಲ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ದೇವಸ್ಸಿ ಉಣ್ಣದೆ ಎದ್ದು ಬಂದ.

ಸ್ಟುಡಿಯೋದಲ್ಲಿ ರೋಸಿಲಿಗೆ ಎಲ್ಲ ಹೇಳಿದ. ನಾನು ಆಗಲೇ ಹೇಳಿರಲಿಲ್ಲವೇ ಎನ್ನಲು ಅವಳಿಗೆ ಪೂರ್ತಿ ಹಕ್ಕಿತ್ತು. ಬೇರೆ ದಿನವಾಗಿದ್ದರೆ ಅಂದೇ ಅನ್ನುತ್ತಿದ್ದಳು. ಅವತ್ತು ಚಹಾ ತಂದಿಟ್ಟು, ಎದುರಿಗೆ ಕೂತಳು.

"ಇದು ಹೊತ್ತು ಉಳಿಸುತ್ತೆ ಅಂತ ನಾನೇ ದಿನಾ ಹೇಳ್ತಿದ್ದೆ," ಎಂದಳು.

"ಉಳಿಸಿದ್ದು ನಾನು. ಒಂದು ಬೆಳಗು."

"ಅದರದ್ದೇನು ತಪ್ಪು ಬಿಡಿ. ನನ್ನ ಪೆನ್ಸಿಲ್ಲೂ ಒರೆಸ್ತಿತ್ತು. ಒರೆಸೋಕೆ ಅರ್ಧ ದಿನ ಹಿಡಿಯೋದು, ಅಷ್ಟರಲ್ಲಿ ಬೇಕೋ ಬೇಡವೋ ಅಂತ ಯೋಚನೆ ಬರೋದು. ಈಗ ಯೋಚನೆ ಬರೋ ಮುಂಚೆ ಕೆಲಸ ಮುಗಿದಿರುತ್ತೆ."

ರೋಸಿಲಿ ಎದ್ದು ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಅದರಲ್ಲಿ ಹಳೆಯ ಡಿಸ್ಕುಗಳಿದ್ದವು. ಮೂಲ ಫೋಟೊ ಯಾವುದನ್ನೂ ಅವಳು ಎಸೆಯುವವಳಲ್ಲ. ನೆಗೆಟಿವ್ ಕಾಲದ ಅಭ್ಯಾಸ. ಕೆಲವು ತೆರೆಯಲಿಲ್ಲ, ಕೆಲವು ಕಿರ್ರೆಂದವು. ಮಾರನೆಯ ದಿನ, ಅದರ ಮಾರನೆಯ ದಿನವೂ ಹುಡುಕಿದರು. ಸಿಕ್ಕಾಗ ಇಬ್ಬರೂ ಪರದೆಯ ಹತ್ತಿರ ಮುಖ ತಂದರು.

ಕ್ಲಾರ ಕಣ್ಣು ಪಿಳುಕಿಸಿದ್ದಲ್ಲ, ನಗುತ್ತಿದ್ದಳು. ನಗು ತಡೆಯಲಾರದೆ ಕಣ್ಣು ಮುಚ್ಚಿ, ಬೀಳದ ಹಾಗೆ ಅಕ್ಕನ ಭುಜ ಹಿಡಿದಿದ್ದಳು. ಮರ್ತ ಬೀಗರ ಮುಂದೆ ಗಂಭೀರವಾಗಿರಲು ನೋಡುತ್ತಿದ್ದಳು, ತುಟಿಯ ತುದಿ ಮಾತ್ರ ಮಾತು ಕೇಳಿರಲಿಲ್ಲ. ಇಬ್ಬರ ಮುಂದೆ ಕುರ್ಚಿಯಲ್ಲಿ ತಾಂಡಮ್ಮ ಅಮ್ಮಚ್ಚಿ, ಬಾಯಿ ಅರ್ಧ ತೆರೆದು, ಕ್ಯಾಮೆರಾವನ್ನೇ ನೋಡುತ್ತಾ.

"ಕಣ್ಣು ತೆರೆಸ್ಲಾ?" ಎಂದಳು ರೋಸಿಲಿ. "ಈಗ ಹೊಸ ಪ್ರೋಗ್ರಾಮಲ್ಲಿ ಕ್ಷಣದ ಕೆಲಸ."

"ಮುಟ್ಟಬೇಡ."

ಅವಳೂ ಅದೇ ಉತ್ತರಕ್ಕೆ ಕಾದಿದ್ದಳು. ಇದ್ದದ್ದು ಇದ್ದ ಹಾಗೇ ದೊಡ್ಡದಾಗಿ ಪ್ರಿಂಟು ತೆಗೆದು ಚೌಕಟ್ಟು ಹಾಕಿಸಿದರು.

ಏಳನೆಯ ದಿನದ ಪೂಜೆ ಮುಗಿದ ಮೇಲೆ ದೇವಸ್ಸಿ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಮರ್ತಳ ಮನೆಗೆ ಹೋದ. ಕಬ್ಬಿಣದ ಗೇಟಿನ ಹತ್ತಿರ ಒಂದು ಗಳಿಗೆ ನಿಂತ. ಒಳಗಿಂದ ಬರುತ್ತಿದ್ದ ಜನ ಅವನನ್ನು ನೋಡಿ ಮಾತು ನಿಲ್ಲಿಸಿದರು. ಹಿತ್ತಿಲಲ್ಲಿ ದೊಡ್ಡ ಪಾತ್ರೆ ತೊಳೆಯುತ್ತಿದ್ದವರಲ್ಲಿ ಕ್ಲಾರಳೂ ಇದ್ದಳು. ಆ ಮನೆಯ ಪಾತ್ರೆಯನ್ನು ಆ ಮನೆಯ ಮಗಳ ಹಾಗೇ ತಿಕ್ಕುತ್ತಿದ್ದಳು. ಅದನ್ನು ನೋಡಿ ಅವನಿಗೆ ಸ್ವಲ್ಪ ಧೈರ್ಯ ಬಂತು.

ಅಕ್ಕತಂಗಿಯರು ಜಗುಲಿಗೆ ಬಂದರು. ಅವನು ಕಾಗದ ಬಿಡಿಸಿ ಚೌಕಟ್ಟನ್ನು ಬೆಂಚಿನ ಮೇಲಿಟ್ಟ.

"ನಾನು ಕ್ಷಮೆ ಕೇಳೋಕೆ ಬಂದಿದ್ದೀನಿ."

"ಕ್ಷಮಿಸಿದೆ ಅಂತ ಬಾಯಲ್ಲಿ ಹೇಳಿಬಿಡಬಹುದು ದೇವಸ್ಸಿಚೇಟ," ಎಂದಳು ಕ್ಲಾರ. "ಅಮ್ಮಚ್ಚಿ ಬಾಗಿಲು ನೋಡ್ತಾ ಮಲಗಿದ್ದು ನೆನಪಾದ್ರೆ ಮನಸ್ಸು ಬರಲ್ಲ. ಅದು ಆದಾಗ ಆಗ್ಲಿ."

"ಆಗ್ಲಿ ಮೋಳೆ."

ಮರ್ತ ಫೋಟೊದ ಮೇಲೆ ಬಗ್ಗಿದ್ದಳು. ತನ್ನ ಭುಜದ ಮೇಲಿನ ಬೆರಳುಗಳನ್ನು ಗಾಜಿನ ಮೇಲಿಂದ ಒಂದೊಂದಾಗಿ ಮುಟ್ಟಿ ನೋಡಿದಳು. "ಅಮ್ಮಚ್ಚಿ ಏನೋ ಹೇಳ್ತಿದ್ದಾರೆ ನೋಡೇ. ಏನಂದಿದ್ರು ಆಗ?"

"ನೆನಪಿಲ್ವಾ ಚೇಚಿ? ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ಲಿಸಿದ್ರು ಇವರು. ಅಮ್ಮಚ್ಚಿ ಅಂದ್ರು, ಬೇಗ ಒತ್ತೋ ದೇವಸ್ಸಿ, ನೀನು ಒತ್ತೋಷ್ಟರಲ್ಲಿ ನಾನು ಪೆಟ್ಟಿಗೇಲಿ ಮಲಗಿರ್ತೀನಿ ಅಂತ."

ಮರ್ತಳಿಗೆ ನಗು ಬಂತು. ಅದನ್ನು ನೋಡಿ ಕ್ಲಾರಳಿಗೂ ಬಂತು. ನಗುತ್ತಾ ನಗುತ್ತಾ ಇಬ್ಬರೂ ಅತ್ತರು. ದೇವಸ್ಸಿ ಕಂಬ ಹಿಡಿದುಕೊಂಡು ನಿಂತಿದ್ದ.

"ಅಷ್ಟು ಹೊತ್ತು ಯಾಕೆ ತಡ ಮಾಡಿದ್ರಿ ಚೇಟ ಅವತ್ತು?" ಸೆರಗಿನಿಂದ ಮುಖ ಒರೆಸಿಕೊಂಡು ಮರ್ತ ಕೇಳಿದಳು. "ಎಲ್ಲರೂ ನಿಂತಾಗಿತ್ತಲ್ಲ. ಯಾರನ್ನ ಹುಡುಕೋಕೆ ಹೋಗಿದ್ರಿ? ಬೀಗರ ಗಡಿಬಿಡಿಯಲ್ಲಿ ನಾನು ನೋಡ್ಲೇ ಇಲ್ಲ."

ಅವನು ಕ್ಲಾರಳ ಕಡೆ ನೋಡಿದ. ಅವಳು ಕಣ್ಣು ತಗ್ಗಿಸಿದಳು.

"ಇವಳನ್ನೇ. ಸೀರೆ ಹಳೇದು ಅಂತ ಚರ್ಚಿನ ಹಿಂದೆ ಬಾವಿ ಹತ್ತಿರ ನಿಂತುಬಿಟ್ಟಿದ್ದಳು. ನೀನಿಲ್ಲದೆ ನಾನು ತೆಗೆಯಲ್ಲ ಅಂತ ಹೇಳಿ, ಕೈ ಹಿಡಿದು ಕರ್ಕೊಂಡು ಬಂದು ನಿನ್ನ ಪಕ್ಕ ನಿಲ್ಲಿಸಿದ್ದು ನಾನೇ."

ದೇವಸ್ಸಿ ಖಾಲಿ ಕಾಗದವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಇಳಿಯತೊಡಗಿದ. ಕ್ಲಾರ ಒಳಗೆ ಹೋದದ್ದು ಗೊತ್ತಾಯಿತು. ಅವನು ಗೇಟು ಮುಟ್ಟುವ ಮುಂಚೆ ಹಿಂದಿನಿಂದ ತಟ್ಟೆ ಇಟ್ಟ ಸದ್ದು ಕೇಳಿಸಿತು.

"ಬಂದು ಕೂತ್ಕೊಳ್ಳಿ," ಎಂದಳು ಕ್ಲಾರ. "ಅವತ್ತೂ ಉಣ್ಣದೆ ಹೋದ್ರಂತೆ."

ದೇವಸ್ಸಿ ಹಿಂದೆ ಬಂದು ಬೆಂಚಿನ ತುದಿಯಲ್ಲಿ, ಆ ಫೋಟೊದ ಪಕ್ಕ ಕೂತು, ಗಂಜಿಗೆ ಕೈ ಹಾಕಿದ.